ಹರಾಜು ಕೂಗಿದವರ ಪಟ್ಟಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ಹಿರೇಕೆರೂರು ಸೀಮೆಯಲ್ಲಿ ನನ್ನ ಕೈಯಲ್ಲಿ ಸಮಾಜ ವಿಜ್ಞಾನ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಆ ವರ್ಷ ಒಂಬತ್ತನೆಯ ತರಗತಿಯವರು ತಂದುಕೊಟ್ಟ ಪ್ರಾಜೆಕ್ಟುಗಳನ್ನು ನೋಡಿದ್ದರೆ ಎಂಥ ಶಾಂತಮೂರ್ತಿಗೂ ಸಿಟ್ಟು ಬರುತ್ತಿತ್ತು. ಸ್ವಾತಂತ್ರ್ಯ ಹೋರಾಟದ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಹುಡುಕಿ ಬರೆಯಿರಿ ಎಂದು ಹೇಳಿದ್ದೆ. ಮೂವತ್ತೆಂಟು ಮಕ್ಕಳು, ಮೂವತ್ತೆಂಟೂ ಒಂದೇ. ಬಸ್ ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಯವನು ಒಂದೇ ಸಲ ಹುಡುಕಿ, ಅದೇ ಪುಟವನ್ನು ಎಲ್ಲರಿಗೂ ಪ್ರಿಂಟ್ ತೆಗೆದು ಕೊಟ್ಟಿದ್ದ. ಕೊನೆಯಲ್ಲಿ ‘ಮುಂದೆ ಓದಲು ಇಲ್ಲಿ ಒತ್ತಿ’ ಎನ್ನುವುದೂ ಅಚ್ಚಾಗಿತ್ತು. ಅದರ ಕೆಳಗೆ ಕೂದಲು ಉದುರುವುದಕ್ಕೆ ಹಚ್ಚುವ ಎಣ್ಣೆಯ ಜಾಹೀರಾತು. ಒಬ್ಬಳು ಅದಕ್ಕೂ ಸ್ಕೆಚ್ ಪೆನ್ನಿನಿಂದ ಚೌಕಟ್ಟು ಹಾಕಿ ಸುತ್ತಲೂ ಹೂಬಳ್ಳಿ ಬಿಡಿಸಿದ್ದಳು.

ಗಂಟಲು ಹರಿಯುವಂತೆ ಬೈದೆ. ದೇಶಕ್ಕಾಗಿ ಜೇಲಿಗೆ ಹೋದವರಿಗೂ ಕೂದಲೆಣ್ಣೆಗೂ ಏನು ಸಂಬಂಧ, ಗೊತ್ತಿದ್ದವರು ಕೈ ಎತ್ತಿ ಎಂದೆ. ಹಿಂದಿನ ಬೆಂಚಿನಲ್ಲಿ ಒಬ್ಬ ನಿಜವಾಗಿಯೂ ಕೈ ಎತ್ತಿದ. ಜೇಲಿನಲ್ಲಿ ತಲೆ ಬೋಳಿಸುತ್ತಿದ್ದರು ಎಂದು ಅವನ ಉತ್ತರ. ನಗು ತಡೆಯಲಾಗದೆ ಬೋರ್ಡಿನ ಕಡೆ ತಿರುಗಿ ನಿಂತುಕೊಂಡೆ.

ಆ ದಿನವೇ ಎರಡು ನಿಯಮ ಮಾಡಿದೆ. ಒಂದು, ಹುಡುಕುವ ಸಂಗತಿ ನಮ್ಮ ಊರಿನಿಂದ ಸೈಕಲ್ ತುಳಿದುಕೊಂಡು ಹೋಗಿ ಮುಟ್ಟುವಷ್ಟು ದೂರದಲ್ಲಿ ನಡೆದಿರಬೇಕು. ಎರಡು, ಏನೇ ಬರೆದರೂ ಅದರ ಪಕ್ಕದಲ್ಲಿ ‘ಎಲ್ಲಿ ಸಿಕ್ಕಿತು’ ಎಂದು ಒಂದು ಕಾಲಂ ಇರಬೇಕು. ಯಾರು ಹೇಳಿದರು, ಯಾವ ಪುಟದಲ್ಲಿ ಇತ್ತು, ಅದನ್ನು ಬರೆಯದಿದ್ದರೆ ಸೊನ್ನೆ. ಸಾಕ್ಷಿ ಇಲ್ಲದ ಮಾತು ಚಾಡಿ ಮಾತು ಎಂದು ದೊಡ್ಡದಾಗಿ ಹೇಳಿದೆ. ಹೇಳುವಾಗ ನನಗೆ ಬಹಳ ಹೆಮ್ಮೆಯಿತ್ತು.

ನಮ್ಮ ಶಾಲೆಯಲ್ಲಿ ನಾಲ್ಕು ಕಂಪ್ಯೂಟರ್ ಇದ್ದವು, ಶುರುವಾಗುತ್ತಿದ್ದದ್ದು ಎರಡು. ನೆಟ್ಟು ನನ್ನ ಮೊಬೈಲಿನದು. ಮೊಬೈಲನ್ನು ಕಿಟಕಿಯ ಸರಳಿಗೆ ಒರಗಿಸಿ ಇಟ್ಟರೆ ಮಾತ್ರ ಸಿಗ್ನಲ್ ಬರುತ್ತಿತ್ತು. ಒಂದೊಂದು ಕಂಪ್ಯೂಟರಿನ ಮುಂದೆ ಹತ್ತೆಂಟು ತಲೆಗಳು. ಮೊದಲ ವಾರ ಏನೂ ಸಿಗಲಿಲ್ಲ. ಊರ ಹೆಸರು ಹಾಕಿದರೆ ಹವಾಮಾನ ಬರುತ್ತಿತ್ತು, ಇಲ್ಲವೇ ಗೋವಿನಜೋಳದ ರೇಟು. ಆಮೇಲೆ ಒಂದು ಹುಡುಗಿ ಹಳೆಯ ಕಾಗದಪತ್ರಗಳ ಫೋಟೊ ಹಿಡಿದು ಇಟ್ಟಿರುವ ಒಂದು ಸರ್ಕಾರಿ ಜಾಲತಾಣವನ್ನು ಹುಡುಕಿದಳು. ಕಿವಿಯಲ್ಲಿ ಬೇವಿನ ಕಡ್ಡಿ ಚುಚ್ಚಿಕೊಂಡು ಬರುತ್ತಿದ್ದ, ಮಾತು ಕಡಿಮೆ, ಕಣ್ಣು ಚುರುಕು ಇರುವ ಹುಡುಗಿ. ಬ್ರಿಟಿಷರ ಕಾಲದಲ್ಲಿ ನಮ್ಮದು ಮುಂಬೈ ಪ್ರಾಂತ, ಧಾರವಾಡ ಜಿಲ್ಲೆ ಅಲ್ಲವೇ, ಹಾಗಾದರೆ ಹಾವೇರಿ ಎಂದು ಹಾಕಿ ಹುಡುಕಿದರೆ ಹೇಗೆ ಸಿಗಬೇಕು ಎಂದು ಅವಳೇ ತರ್ಕ ಮಾಡಿದ್ದಳು. ಹದಿನಾಲ್ಕು ವರ್ಷದ ಹುಡುಗಿಗೆ ಹೊಳೆದದ್ದು ಹದಿನೆಂಟು ವರ್ಷ ಪಾಠ ಮಾಡಿದ ನನಗೆ ಹೊಳೆದಿರಲಿಲ್ಲ.

ಅಲ್ಲಿಂದ ಮುಂದೆ ಏನು ಹೇಳಲಿ. ಬಾವಿಯ ಮುಚ್ಚಳ ತೆಗೆದಂತಾಯಿತು. ನಾವು ದಿನಾ ಬಸ್ಸಿನಲ್ಲಿ ದಾಟುವ ಊರುಗಳು, ಹತ್ತಿಯ ಮೂಟೆ ಇಳಿಸುವ ಸರ್ಕಲ್ಲುಗಳು, ಅಲ್ಲೆಲ್ಲ 1932ರ ಸುಮಾರಿಗೆ ಜನ ಕರ ಕೊಡುವುದಿಲ್ಲ ಎಂದು ಕೂತಿದ್ದರು. ಬೆಳೆ ಬಂದಿಲ್ಲ ಎಂದಲ್ಲ. ಬೆಳೆ ಬಂದಿದ್ದರೂ ಕೊಡುವುದಿಲ್ಲ, ಪರಕೀಯರ ಸರ್ಕಾರಕ್ಕೆ ನಮ್ಮ ಕೈಯಿಂದ ಕೊಡುವುದಿಲ್ಲ ಎಂದು. ಹೊಲ ಹೋದರೆ ಹೋಗಲಿ ಎಂದು. ಪಠ್ಯಪುಸ್ತಕದಲ್ಲಿ ಅರ್ಧ ಸಾಲು ಇದ್ದದ್ದನ್ನು ಪರೀಕ್ಷೆಗೆ ಬರುವುದಿಲ್ಲ ಎಂದು ನಾನೇ ಎಷ್ಟು ವರ್ಷ ಬಿಡಿಸಿದ್ದೆನೋ.

ಒಂದು ಶುಕ್ರವಾರ ಆ ಹುಡುಗಿಗೆ ಕೈಬರಹದ ಒಂದು ಪತ್ರಿಕೆ ಸಿಕ್ಕಿತು. ಚಳವಳಿಗಾರರು ಗುಟ್ಟಾಗಿ ಬರೆದು, ನಕಲು ತೆಗೆದು ಹಂಚುತ್ತಿದ್ದದ್ದು. ಕನ್ನಡದ್ದೇ, ಮೋಡಿ ಲಿಪಿಯೂ ಅಲ್ಲ, ಇಂಗ್ಲಿಷೂ ಅಲ್ಲ. ಅದರಲ್ಲಿ ನಮ್ಮ ಊರಿನ ಹೆಸರಿತ್ತು. ಮಕ್ಕಳು ಕಂಪ್ಯೂಟರಿಗೆ ಮುಗಿಬಿದ್ದರು. ಕರ ಕೊಡದ ಮನೆಗಳಿಂದ ಸರ್ಕಾರದವರು ಏನೇನು ಜಪ್ತಿ ಮಾಡಿ ಒಯ್ದರು ಎಂಬ ಪಟ್ಟಿ ಅದು. ಹುಡುಗಿ ಗಟ್ಟಿಯಾಗಿ ಓದಿದಳು. ಕೊಡ, ತಂಬಿಗೆ, ಪರಾತ, ತೊಟ್ಟಿಲ ಸರಪಣಿ, ರೊಟ್ಟಿಯ ಹಂಚು. ನಾಲ್ಕನೆಯ ಮನೆ ಅವಳದೇ ಆಗಿತ್ತು. ಅಡ್ಡಹೆಸರು, ಓಣಿ ಎಲ್ಲ ಸರಿಯಾಗಿತ್ತು. ಓದುತ್ತಿದ್ದವಳು ನಿಂತಳು, ನನ್ನ ಮುಖ ನೋಡಿದಳು, ಮತ್ತೆ ಓದಿದಳು. ಅವರ ಮನೆಯಿಂದ ಒಯ್ದದ್ದು ತಾಮ್ರದ ಹಂಡೆ ಒಂದು, ಹಂಚು ಒಂದು.

ರೊಟ್ಟಿ ಹಂಚನ್ನೂ ಒಯ್ದರೆ ರೊಟ್ಟಿ ಯಾವುದರ ಮೇಲೆ ಬೇಯಿಸಿದರು ಎಂದು ಒಬ್ಬ ಕೇಳಿದ. ಎಂಥ ಪ್ರಶ್ನೆ ಅದು! ಹೋರಾಟ, ತ್ಯಾಗ, ಬಲಿದಾನ ಎಂದು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದವಳಿಗೆ ಮರುದಿನದ ರೊಟ್ಟಿಯ ವಿಚಾರ ಬಂದಿರಲೇ ಇಲ್ಲ.

ಆಮೇಲೆ ಹುಡುಗಿ ಪುಟದ ಕೆಳಗಿನ ಭಾಗ ಓದಿದಳು. ಅಲ್ಲಿ ಇನ್ನೊಂದು ಪಟ್ಟಿಯಿತ್ತು. ಜಪ್ತಿ ಮಾಡಿದ ಸಾಮಾನನ್ನು ಹರಾಜಿಗೆ ಇಟ್ಟಾಗ ಸುತ್ತಿನ ಹತ್ತು ಊರಲ್ಲಿ ಒಬ್ಬನೂ ಕೂಗಿರಲಿಲ್ಲ. ಆಗ ಹೊರಗಿನಿಂದ ಬಂದು ಕೂಗಿದವರು ಯಾರು ಎಂದು ಹೆಸರು ಬರೆದು, ಇವರ ಹತ್ತಿರ ಯಾರೂ ವ್ಯವಹಾರ ಮಾಡಬೇಡಿ, ಇವರಿಗೆ ನೀರೂ ಕೊಡಬೇಡಿ ಎಂದು ಬರೆದಿದ್ದರು. ಎರಡೇ ಹೆಸರು. ಎರಡನೆಯದು ಸವಣೂರಿನ ಒಬ್ಬ ಕಿರಾಣಿ ವ್ಯಾಪಾರಿಯದು. ಸವಣೂರು ಆಗ ನವಾಬರ ಸಂಸ್ಥಾನ, ಚಳವಳಿಯವರ ಬಹಿಷ್ಕಾರ ಅಲ್ಲಿಯವರೆಗೆ ಮುಟ್ಟುವುದಿಲ್ಲ ಎಂಬ ಧೈರ್ಯ ಅವನಿಗೆ ಇದ್ದಿರಬೇಕು. ಅವನ ಅಡ್ಡಹೆಸರನ್ನು ಹುಡುಗಿ ಓದಿದಳು. ಅದು ನನ್ನ ತವರಿನ ಅಡ್ಡಹೆಸರು. ಮುಂದಿನ ಹೆಸರು ನನ್ನ ಅಪ್ಪನ ಅಜ್ಜನದು.

ನಾನು ಸವಣೂರಿನವಳು ಎಂಬುದು ಮಕ್ಕಳಿಗೆ ಗೊತ್ತಿತ್ತು, ದೀಪಾವಳಿಗೆ ಅಲ್ಲಿಯ ಕುರುಕಲು ಖಾರ ತಂದು ಹಂಚುತ್ತಿದ್ದೆ. ಹಾಜರಿ ಪುಸ್ತಕದ ಮೇಲೆ ತವರಿನ ಅಡ್ಡಹೆಸರೇ ಇತ್ತು. ಹುಡುಗಿ ತಿರುಗಿ ನೋಡಿದಳು.

“ಟೀಚರ್, ಇವ್ರು ನಿಮ್ಮ ಪೈಕಿ ಏನ್ರಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು.

“ಇಲ್ಲವಾ. ಆ ಅಡ್ಡಹೆಸರಿನವ್ರು ಸವಣೂರ ತುಂಬ ಅದಾರ,” ಎಂದೆ.

ಬೆಲ್ಲು ಹೊಡೆಯಿತು. ಮಕ್ಕಳು ಹೊರಗೆ ಓಡಿದರು. ನಾನು ಕಿಟಕಿಯ ಹತ್ತಿರ ಹೋಗಿ ಮೊಬೈಲ್ ತೆಗೆದುಕೊಂಡೆ. ಸುಳ್ಳು ಹೇಳಿದ್ದಕ್ಕಿಂತ ಎಷ್ಟು ಸಲೀಸಾಗಿ ಹೇಳಿದೆನಲ್ಲ ಎನ್ನುವುದಕ್ಕೇ ನನಗೆ ಹೆದರಿಕೆಯಾಯಿತು.

ಶನಿವಾರ ನೋಟುಬುಕ್ಕು ತಿದ್ದಲು ಕೂತೆ. ಆ ಹುಡುಗಿ ಎಲ್ಲವನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು. ಹಂಚಿನ ವಿಷಯವನ್ನು ಮನೆಯಲ್ಲಿ ಕೇಳಿಕೊಂಡು ಬಂದಿದ್ದಳು. ಓಣಿಯಲ್ಲಿ ಒಂದು ಮನೆಯ ಹಂಚು ಮಾತ್ರ ಉಳಿದಿತ್ತಂತೆ, ನಸುಕಿನಿಂದ ಮಧ್ಯಾಹ್ನದವರೆಗೆ ಅದೊಂದೇ ಹಂಚು ಮನೆಯಿಂದ ಮನೆಗೆ ತಿರುಗುತ್ತಿತ್ತಂತೆ, ಆರಲು ಬಿಡುತ್ತಿರಲಿಲ್ಲವಂತೆ. ಪಕ್ಕದ ಕಾಲಂನಲ್ಲಿ ‘ಮುತ್ತಜ್ಜಿ ಹೇಳಿದರು’ ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು. ಹರಾಜು ಕೂಗಿದ ಸವಣೂರಿನ ವ್ಯಾಪಾರಿಗೂ ನಮ್ಮ ಟೀಚರ್‌ಗೂ ಸಂಬಂಧವಿಲ್ಲ. ಎಲ್ಲಿ ಸಿಕ್ಕಿತು ಎಂಬಲ್ಲಿ, ‘ಟೀಚರ್ ಹೇಳಿದರು’.

ಕೆಂಪು ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಆ ಸಾಲಿಗೆ ಸರಿ ಗುರುತು ಹಾಕಲೇ, ತಪ್ಪು ಗುರುತು ಹಾಕಲೇ. ಸಾಕ್ಷಿ ಕೇಳಿದವಳು ನಾನು, ಸುಳ್ಳು ಸಾಕ್ಷಿಯೂ ನಾನೇ. ಆಚಾರ ಹೇಳಿ ಬದನೆಕಾಯಿ ತಿಂದರು ಎಂದು ಬೇರೆಯವರಿಗೆ ಆಡುತ್ತಿದ್ದ ಮಾತು ನನ್ನ ಬುಡಕ್ಕೇ ಬಂದಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಆದರೆ ಆ ಹುಡುಗಿ ಮುಂದೆ ಯಾವ ಕಾಗದ ಓದಿದರೂ, ಅದರ ಪಕ್ಕದಲ್ಲಿ ನನ್ನ ಮಾತು ಸಾಕ್ಷಿಯಾಗಿ ನಿಂತಿರುತ್ತಿತ್ತು. ಗುರುತು ಹಾಕದೆ ನೋಟುಬುಕ್ಕು ಮುಚ್ಚಿದೆ.

ಭಾನುವಾರ ಹಾವೇರಿಯಲ್ಲಿ ಬಸ್ಸು ಬದಲಿಸಿ ತವರಿಗೆ ಹೋದೆ. ತಮ್ಮ ಅಂಗಡಿಗೆ ಹೋಗಿದ್ದ, ಅವನ ಹೆಂಡತಿ ಮಕ್ಕಳು ಟಿವಿ ಮುಂದಿದ್ದರು, ಅವ್ವ ಹಿತ್ತಲಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಚಹಾ ಬೇಡವೆಂದು ನೇರ ಬಚ್ಚಲಿಗೆ ಹೋದೆ. ಪಟ್ಟಿಯಲ್ಲಿ ತಾಮ್ರದ ಹಂಡೆ ಎಂದು ಕೇಳಿದಾಗಿನಿಂದ ಕಣ್ಣ ಮುಂದಿದ್ದ ನಮ್ಮ ಮನೆಯ ಹಂಡೆ ಒಲೆಯ ಮೇಲೆ ಇತ್ತು. ಹುಟ್ಟಿದ ದಿನದ ನೀರಿನಿಂದ ಮದುವೆಯ ಎಣ್ಣೆ ನೀರಿನವರೆಗೆ ನನ್ನ ಮೈಮೇಲೆ ಬಿದ್ದದ್ದೆಲ್ಲ ಅದರ ನೀರೇ. ನಮ್ಮ ಕಡೆ ಮದುವೆಯಲ್ಲಿ ತವರಿನವರು ಕೊಡುವ ಪಾತ್ರೆಯ ಕಂಠದ ಮೇಲೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸುತ್ತಾರೆ. ಈ ಹಂಡೆಯ ಮೇಲೂ ಒಂದು ಹೆಣ್ಣಿನ ಹೆಸರಿತ್ತು. ಚಿಕ್ಕವಳಿದ್ದಾಗ ಮಸಿಯ ಮೇಲೆ ಬೆರಳಾಡಿಸುತ್ತ ಅದನ್ನು ಓದುತ್ತಿದ್ದೆ, ನಮ್ಮ ಮನೆಯ ಯಾವುದೋ ಮುತ್ತಜ್ಜಿ ಇರಬೇಕೆಂದು ನಂಬಿದ್ದೆ. ಈಗ ಒದ್ದೆ ಬಟ್ಟೆಯಿಂದ ತಿಕ್ಕಿ, ಮೊಬೈಲಿನ ಬೆಳಕು ಹಾಕಿದೆ. ಹೆಸರಿನ ಮುಂದೆ ಊರೂ ಕಾಣಿಸಿತು. ಅಬಲೂರು. ನಮ್ಮ ವಂಶದಲ್ಲಿ ಅಬಲೂರಿನಿಂದ ಬಂದ ಸೊಸೆ ಒಬ್ಬಳೂ ಇಲ್ಲ.

ಅವ್ವ ಬಾಗಿಲಲ್ಲಿ ಬಂದು ನಿಂತಿದ್ದಳು. ಇದು ಯಾರದು ಎಂದು ಕೇಳಿದೆ. ಅವ್ವ ಸುಳ್ಳು ಹೇಳಲಿಲ್ಲ. ಹರಾಜಿನದು ಎಂದು ತನ್ನ ಅತ್ತೆ ಹೇಳಿದ್ದಳು, ಯಾವ ಊರು ಯಾರ ಮನೆ ಎಂದು ಕೇಳಬೇಡ ಎಂದೂ ಹೇಳಿದ್ದಳು ಎಂದಳು. ಇದನ್ನು ನಾನು ಒಯ್ಯುತ್ತೇನೆ ಎಂದೆ. ಒಳಗಿದ್ದ ನೀರನ್ನು ಅವ್ವನೇ ಬಗ್ಗಿಸಿ ಚೆಲ್ಲಿದಳು. ಹಳೆಯ ಸೀರೆಯಲ್ಲಿ ಸುತ್ತಿ ಗಂಟು ಹಾಕಿ ಕೊಟ್ಟಳು. ತಮ್ಮನಿಗೆ ಏನು ಹೇಳುತ್ತೀ ಎಂದು ಕೇಳಿದರೆ, ನಾಳೆಯಿಂದ ಗೀಸರಿನಾಗ ಮೀಯಲಿ ಎಂದಳು.

ಸೋಮವಾರ ಹಂಡೆಯನ್ನು ತರಗತಿಯ ಮೇಜಿನ ಮೇಲೆ ಇಟ್ಟೆ. ಮಕ್ಕಳು ನಕ್ಕರು, ಇವತ್ತು ಟೀಚರ್ ಜಳಕ ಮಾಡಿಸುತ್ತಾರೆ ಎಂದು ಯಾರೋ ಪಿಸುಗುಟ್ಟಿದರು. ನಾನು ಶುಕ್ರವಾರ ಸುಳ್ಳು ಹೇಳಿದೆ ಎಂದೆ. ಹರಾಜು ಕೂಗಿದವನು ನನ್ನ ಅಪ್ಪನ ಅಜ್ಜ, ಕೂಗಿ ಒಯ್ದದ್ದು ಇದು ಎಂದೆ. ಇನ್ನೇನು ಅಸಹ್ಯಪಡುತ್ತಾರೆ, ನಾಳೆ ಓಣಿ ಓಣಿಯಲ್ಲಿ ಇದೇ ಮಾತಾಗುತ್ತದೆ, ವರ್ಗಾವಣೆಗೆ ಅರ್ಜಿ ಹಾಕುವುದೇ ಸರಿ ಎಂದು ತಲೆಯಲ್ಲಿ ಓಡುತ್ತಿತ್ತು.

ಹುಡುಗಿ ಎದ್ದು ಬಂದಳು. ಹಂಡೆಯ ಕಂಠ ನೋಡಿದಳು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ತನ್ನ ಮುತ್ತಜ್ಜಿಯ ಅತ್ತೆಯ ಹೆಸರು ಇದೇ, ಅವರ ತವರು ಅಬಲೂರೇ ಎಂದಳು. ಆಮೇಲೆ ನಾನು ತಿದ್ದಲು ಒಯ್ದಿದ್ದ ರಾಶಿಯಿಂದ ತನ್ನ ನೋಟುಬುಕ್ಕು ತೆಗೆದು, ಅಲ್ಲಿಯ ಆ ಸಾಲಿನ ಮೇಲೆ ಸ್ಕೇಲು ಇಟ್ಟು ನೇರ ಗೆರೆ ಎಳೆದಳು. ಸಿಟ್ಟಿಲ್ಲ, ನಗುವೂ ಇಲ್ಲ. ಪಕ್ಕದ ಕಾಲಂನಲ್ಲಿ ಹಂಡೆ ಎಂದು ಬರೆದಳು. ಸತ್ಯವನ್ನು ಹೀಗೂ ತೆಗೆದುಕೊಳ್ಳಬಹುದು ಎಂದು ನಾನು ಕಲಿತದ್ದು ಆ ಹುಡುಗಿಯಿಂದ. ಶಾಲೆ ಬಿಟ್ಟ ಮೇಲೆ ತಮ್ಮ ಮನೆಗೆ ಬರಬೇಕೆಂದು ಕರೆದಳು.

ಸಂಜೆ ಹೋದೆವು. ಹಂಡೆಯ ಒಂದು ಕಡೆ ನಾನು, ಇನ್ನೊಂದು ಕಡೆ ಹುಡುಗಿ. ಮುತ್ತಜ್ಜಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎಂಬತ್ತೈದು ದಾಟಿದ ಜೀವ, ಬೆನ್ನು ಬಾಗಿದೆ, ದನಿ ಮಾತ್ರ ಗಟ್ಟಿ. ಹುಡುಗಿ ಎಲ್ಲವನ್ನೂ ಹೇಳಿದಳು. ನಾನು ಹಂಡೆಯನ್ನು ಅವರ ಮುಂದೆ ಇಟ್ಟು, ಇದು ನಿಮ್ಮದು, ನಿಮಗೇ ಸೇರಬೇಕು, ನಮ್ಮ ಹಿರಿಯರ ತಪ್ಪು ಹೊಟ್ಟೆಗೆ ಹಾಕಿಕೊಳ್ಳಿ ಎಂದೆ. ಮಾತು ಮುಗಿಯುವ ಮೊದಲೇ ಅಳು ಬಂತು.

ಅವರು ಅವರೆಕಾಯಿಯ ಬುಟ್ಟಿ ಸರಿಸಿದರು. ಎರಡೂ ಕೈಯಿಂದ ಹಂಡೆಯನ್ನು ಸುತ್ತಲೂ ಸವರಿದರು. ಚುಕ್ಕಿಗಳು ಬೆರಳಿಗೆ ಸಿಕ್ಕಾಗ ಅಲ್ಲೇ ಕೈ ನಿಲ್ಲಿಸಿದರು. ತಾನು ಸೊಸೆಯಾಗಿ ಬಂದಾಗಲೂ ಈ ಮನೆಯಲ್ಲಿ ಮಣ್ಣಿನ ಗಡಿಗೆಯಲ್ಲಿ ನೀರು ಕಾಸುತ್ತಿದ್ದರು ಎಂದು ಹೇಳಿದರು. ಜಪ್ತಿಯವರು ನಾಳೆ ಬರುತ್ತಾರೆ ಎಂದು ಗೊತ್ತಾದಾಗ ಅತ್ತೆ ಏನು ಮಾಡಿದ್ದರು ಎಂದೂ ಹೇಳಿದರು. ಹುಣಸೆಹಣ್ಣು ಹಚ್ಚಿ ಹಂಡೆಯನ್ನು ಬೆಳಗಿ, ಕುಂಕುಮ ಇಟ್ಟು, ತಾನೇ ಹೊತ್ತುಕೊಂಡು ಬಂದು ಕಟ್ಟೆಯ ಮೇಲೆ ಇಟ್ಟಿದ್ದರಂತೆ. ಒಳಗೆ ಬಂದು ಎಳೆದುಕೊಂಡು ಹೋಗುವ ಅವಕಾಶವನ್ನು ಜಪ್ತಿಯವರಿಗೆ ಕೊಟ್ಟಿರಲಿಲ್ಲವಂತೆ. ಕೇಳುತ್ತ ಕೇಳುತ್ತ ನನ್ನ ಅಳು ನಿಂತುಹೋಯಿತು. ಇಂಥವರ ಮುಂದೆ ಅಳುವುದಕ್ಕೂ ಯೋಗ್ಯತೆ ಬೇಕು ಅನಿಸಿತು.

“ಅಕ್ಕೋರ, ಇದನ್ನ ಯಾರೂ ಕಸಗೊಂಡಿಲ್ರಿ. ನಮ್ಮತ್ತಿ ಕೊಟ್ಟಾಳ. ಕೊಟ್ಟದ್ದನ್ನ ತಿರುಗಿ ಇಸಗೊಂಡ್ರ ಆಕಿಗೆ ಏನ್ ಹೇಳ್ಲಿ ನಾ?”

ಹಾಗಾದರೆ ಇದನ್ನು ಏನು ಮಾಡಲಿ ಎಂದು ಕೇಳಿದೆ. ಹಂಡೆ ಅಂದರೆ ನೀರು ಕಾಸುವುದಕ್ಕೆ, ಕಾಸಿ ಎಂದರು. ಆಮೇಲೆ ಹಂಡೆಯೊಳಗೆ ಕೈ ಹಾಕಿ ನೋಡಿ, ಬರೇ ಪಾತ್ರೆ ತರುತ್ತಾರೇನು ಎಂದು ನನ್ನನ್ನು ಗದರಿದರು. ನನಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ನಮ್ಮಲ್ಲಿ ಒಂದು ತಂಬಿಗೆ ಮಜ್ಜಿಗೆ ತಂದರೂ ತಂಬಿಗೆ ತಿರುಗಿ ಕೊಡುವಾಗ ಬರಿದಾಗಿ ಕೊಡುವುದಿಲ್ಲ, ನಾಲ್ಕು ಕಾಳು ಸಕ್ಕರೆಯಾದರೂ ಹಾಕುತ್ತಾರೆ. ನಾಲ್ಕು ತಲೆಮಾರು ಬಳಸಿದ ಹಂಡೆಯನ್ನು ನಾನು ಬರಿದಾಗಿ ತಂದು ಇಟ್ಟಿದ್ದೆ, ಅದೂ ಮಸಿ ಸಮೇತ.

ಅವರು ಗೋಡೆ ಹಿಡಿದು ಎದ್ದರು. ಹುಡುಗಿ ಹಿಡಿದುಕೊಳ್ಳಲು ಹೋದರೆ ಬಿಡು ಎಂದರು. ಮೂಲೆಯ ಚೀಲದ ಬಾಯಿ ಬಿಚ್ಚಿದರು, ಒಳಗೆ ಬಿಳಿಜೋಳ. ನನ್ನ ತವರಿನಲ್ಲಿ ಈಗ ಉಣ್ಣುವವರು ಎಷ್ಟು ಜನ ಎಂದು ಕೇಳಿದರು. ಅವ್ವ, ತಮ್ಮ, ಅವನ ಹೆಂಡತಿ, ಮಕ್ಕಳಿಬ್ಬರು, ಐದು ಜನ ಎಂದೆ. ಯಾಕೆ ಕೇಳುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಅವರು ಎರಡೂ ಕೈ ಕೂಡಿಸಿ ಒಂದು ಬೊಗಸೆ ಜೋಳ ತುಂಬಿಕೊಂಡು ಬಂದು ಹಂಡೆಗೆ ಹಾಕಿದರು. ಮತ್ತೆ ಹೋದರು, ಮತ್ತೆ ತಂದರು. ಚೀಲದಿಂದ ಹಂಡೆಗೆ ಆರು ಹೆಜ್ಜೆ ಇದ್ದವು. ಬಾಗಿದ ಬೆನ್ನಿನಲ್ಲಿ ಐದು ಸಲ ಹೋಗಿ ಬಂದರು. ತಾಮ್ರದ ತಳಕ್ಕೆ ಕಾಳು ಜಲಜಲನೆ ಬೀಳುತ್ತಿತ್ತು.

ಆಮೇಲೆ ಆರನೆಯ ಸಲ ಹೋದರು. ಅಜ್ಜಿ, ಐದು ಆದವು ಎಂದು ಹುಡುಗಿ ನೆನಪು ಮಾಡಿದಳು. ಅವರು ಬೊಗಸೆ ತುಂಬಿಕೊಂಡು ಬಂದು ನನ್ನ ಮುಂದೆ ನಿಂತರು.

“ಇದು ನಿನಗವ್ವಾ,” ಎಂದರು.

ನಾನು ಸೆರಗು ಒಡ್ಡಿದೆ.